ಬ್ಯಾಟರಿಯ ಪೆಟ್ಟಿಗೆಯೂ ಮನೆಯ ಬೆಂಕಿಯೂ

ನಮ್ಮ ಹಿರಿಯರ ಮನೆಗಳಲ್ಲಿ ಬೆಂಕಿಗೆ ಗೊತ್ತಾದ ಸ್ಥಳವಿರುತ್ತಿದ್ದಿತು. ಒಲೆ ಅಡಿಗೆಮನೆಯಲ್ಲಿ, ದೀಪ ಗೋಡೆಯ ಗೂಡಿನಲ್ಲಿ, ಹಂಡೆಯ ಕೆಂಡ ಬಚ್ಚಲುಮನೆಯಲ್ಲಿ. ಮಕ್ಕಳು ಅದರ ಬಳಿ ಸುಳಿದರೆ ಗದರಿಸುವುದಕ್ಕೆ ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ರಾತ್ರಿ ಮಲಗುವ ಮುನ್ನ ಕೆಂಡಕ್ಕೆ ಬೂದಿ ಮುಚ್ಚಿದುದನ್ನು ನೋಡಿಕೊಂಡೇ ಮನೆಯ ಹೆಂಗಸರು ಹಾಸಿಗೆಗೆ ಹೋಗುತ್ತಿದ್ದುದು. ಈಚಿನ ವರ್ಷಗಳಲ್ಲಿ ಮತ್ತೊಂದು ಬಗೆಯ ಬೆಂಕಿ ಬಂದು ನಮ್ಮ ಮನೆಗಳನ್ನು ಸೇರಿಕೊಂಡಿರುವುದು. ಅದಕ್ಕೆ ಉರಿಯಿಲ್ಲ, ಹೊಗೆಯಿಲ್ಲ. ನೀಲಿ ಬಣ್ಣದ ಹೊದಿಕೆಯೊಳಗೆ ಇಟ್ಟಿಗೆಯಂತೆ ಸುಮ್ಮನೆ ಬಿದ್ದಿರುವುದು. ಮಂಚದ ಕೆಳಗೆ, ಮೆಟ್ಟಲಿನ ಪಕ್ಕದಲ್ಲಿ, ಪುಸ್ತಕದ ಬೀರುವಿನ ಮೇಲೆ, ಎಲ್ಲಿ ಬೇಕಾದರೂ ಅದನ್ನು ಇಡುವುದುಂಟು. ವಿನೋದಕ್ಕಾಗಿ ಕಟ್ಟುವ ವಿದ್ಯುತ್ ಸೈಕಲ್ಲು, ಪುಟ್ಟ ಗಾಡಿ, ದೂರದಿಂದ ನಡೆಯಿಸುವ ಆಟದ ಮೋಟಾರು, ಇವುಗಳ ಬ್ಯಾಟರಿಯನ್ನು ಕುರಿತೇ ನಾವು ಹೇಳುತ್ತಿರುವುದು.

ಈ ವಿಷಯವನ್ನು ಗೃಹಸ್ಥರು ಓದುವ ಪತ್ರಿಕೆಯಲ್ಲಿ ಎತ್ತಬೇಕೆ ಎಂದು ಕೆಲವರು ಕೇಳಬಹುದು. ಎತ್ತಬೇಕೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ಈ ಪೆಟ್ಟಿಗೆಗಳನ್ನು ಕಟ್ಟುವವರು ಕಾರ್ಖಾನೆಯವರಲ್ಲ. ನಮ್ಮ ಮಕ್ಕಳು, ಅಳಿಯಂದಿರು, ಮೈದುನಂದಿರು. ಕಟ್ಟುವ ಸ್ಥಳವೂ ಕಾರ್ಖಾನೆಯಲ್ಲ. ನಮ್ಮ ಊಟದ ಮೇಜು.

ನಮ್ಮ ತಂಗಿಯ ಮಗನು ನಮ್ಮಲ್ಲಿಯೇ ಇದ್ದುಕೊಂಡು ಬೆಂಗಳೂರಿನಲ್ಲಿ ಓದುತ್ತಿರುವನು. ಕಾಲೇಜು ಊರಿನ ಆಚೆಯ ಅಂಚಿನಲ್ಲಿ. ಹೋಗಿಬರುವುದರಲ್ಲಿಯೇ ಅರ್ಧ ದಿನ ಕಳೆಯುವುದು. ಆದಕಾರಣ ತನ್ನ ಹಳೆಯ ಸೈಕಲ್ಲಿಗೆ ಮೋಟಾರು ಜೋಡಿಸಬೇಕೆಂದು ಆತನು ಸಂಕಲ್ಪಿಸಿದನು. ಒಂದು ವರುಷ ಸಂಜೆಯ ಹೊತ್ತು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಹಣ ಕೂಡಿಟ್ಟನು. ಮೋಟಾರು, ಕಂಟ್ರೋಲರು ಮೊದಲಾದವನ್ನು ಎಸ್. ಪಿ. ರಸ್ತೆಯಲ್ಲಿ ಅಲೆದು ತಂದನು. ಸಿದ್ಧವಾದ ಬ್ಯಾಟರಿಗೆ ಹಣ ಸಾಲದೆ, ಬೇರೊಂದು ಕಡೆ ಗುಜರಿ ಅಂಗಡಿಯೊಂದರಿಂದ ಹಳೆಯ ಲ್ಯಾಪ್‌ಟಾಪುಗಳ ಕೋಶಗಳನ್ನು ಕೊಂಡು ತಾನೇ ಪೆಟ್ಟಿಗೆಯನ್ನು ಕಟ್ಟಿದನು. ಆತನ ಕೈಕೆಲಸ ಅಚ್ಚುಕಟ್ಟಾಗಿದ್ದಿತೆಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಇಂಥ ಪೆಟ್ಟಿಗೆಯಲ್ಲಿ ಇರುವುದೇನೆಂಬುದನ್ನು ಸ್ವಲ್ಪ ವಿವರಿಸುವೆವು. ಒಂದೊಂದು ಕೋಶವೂ ಹೆಬ್ಬೆರಳಿಗಿಂತ ಸ್ವಲ್ಪ ಉದ್ದನೆಯ ಉಕ್ಕಿನ ಡಬ್ಬಿ. ಅಡ್ಡಳತೆ ೧೮ ಮಿಲಿಮೀಟರು, ಉದ್ದ ೬೫. ಈ ಅಳತೆಗಳಿಂದಲೇ ಅದಕ್ಕೆ ೧೮೬೫೦ ಎಂಬ ಹೆಸರು ಬಂದುದು. ಪೂರ್ತಿ ತುಂಬಿದಾಗ ಅದರ ಒತ್ತಡ ೪.೨ ವೋಲ್ಟು. ನಾಲ್ಕು ಕೋಶಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದರೆ ಒಂದು ಗುಂಪು. ಅಂಥ ಹದಿಮೂರು ಗುಂಪುಗಳನ್ನು ಒಂದರ ಬೆನ್ನಿಗೆ ಒಂದರಂತೆ ಸರಪಳಿ ಮಾಡಿದರೆ ಒಟ್ಟು ೫೨ ಕೋಶಗಳ, ೪೮ ವೋಲ್ಟಿನದೆಂದು ಹೇಳುವ ಪೆಟ್ಟಿಗೆ. ಅದರಲ್ಲಿ ಅಡಗಿರುವ ಶಕ್ತಿ ಅರ್ಧ ಯೂನಿಟ್ಟಿಗಿಂತಲೂ ಕಡಮೆ; ಕರೆಂಟಿನ ಬಿಲ್ಲಿನಲ್ಲಿ ನಾಲ್ಕಾರು ರೂಪಾಯಿಯ ಮಾತು. ಇಷ್ಟು ಅಲ್ಪವಾದುದರಿಂದ ಏನಾದೀತು ಎಂದು ತೋರುವುದು ಸಹಜ. ಅಪಾಯವಿರುವುದು ಶಕ್ತಿಯ ಮೊತ್ತದಲ್ಲಿ ಅಲ್ಲ, ಅದು ಹೊರಬೀಳುವ ವೇಗದಲ್ಲಿ.

ವಿದ್ಯುತ್ತು ಧನಾಗ್ರದಿಂದ ಹೊರಟು ಮೋಟಾರಿನಲ್ಲಿ ದುಡಿದು ಋಣಾಗ್ರಕ್ಕೆ ಮರಳುವುದು ನೇರವಾದ ದಾರಿ. ನಡುವೆ ದುಡಿಮೆಯೇ ಇಲ್ಲದ ಅಡ್ಡದಾರಿಯೊಂದು ದೊರೆತರೆ ಅದೆಲ್ಲವೂ ಅತ್ತಲೇ ನುಗ್ಗುವುದು. ಪಾಠದ ಪುಸ್ತಕಗಳು ಇದನ್ನು ಹ್ರಸ್ವ ಮಂಡಲವೆನ್ನುವುವು. ಲೋಕದ ಬಾಯಲ್ಲಿ ಷಾರ್ಟ್ ಸರ್ಕ್ಯೂಟು. ಎಷ್ಟು ನುಗ್ಗೀತೆಂಬುದಕ್ಕೆ ಜರ್ಮನಿಯಲ್ಲಿ ಶಾಲೆಯ ಉಪಾಧ್ಯಾಯನಾಗಿದ್ದ ಓಮ್ ಎಂಬಾತನು ೧೮೨೭ರಲ್ಲಿ ಪ್ರಕಟಿಸಿದ ಲೆಕ್ಕವೇ ಸಾಕು: ಒತ್ತಡವನ್ನು ತಡೆಯಿಂದ ಭಾಗಿಸಬೇಕು. ಒಂದು ಕೋಶದ ಒಳತಡೆ ೪೦ ಮಿಲಿಓಮ್ ಎಂದಿಟ್ಟುಕೊಂಡರೆ, ಒಂಟಿ ಕೋಶವೇ ೧೦೦ ಆಂಪಿಯರನ್ನು ಉಗುಳಬಲ್ಲುದು. ನಾಲ್ಕರ ಗುಂಪು ೪೦೦ ಆಂಪಿಯರನ್ನು. ನಮ್ಮ ಮನೆಯ ಗೋಡೆಯ ಸಣ್ಣ ಪ್ಲಗ್ಗು ತಡೆಯುವುದು ೬ ಆಂಪಿಯರು, ದೊಡ್ಡದು ೧೬. ಇಡೀ ಪೆಟ್ಟಿಗೆಯ ಎರಡು ತುದಿಗಳು ತಾಗಿದರೆ ಆ ಕ್ಷಣದಲ್ಲಿ ಹುಟ್ಟುವ ಶಾಖ ಇಪ್ಪತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಕಾಯಿಸಿದಷ್ಟು.

ಕೋಶದೊಳಗೆ ಧನ ಋಣಗಳನ್ನು ಬೇರೆಯಾಗಿಡುವುದು ಕೂದಲಿಗಿಂತಲೂ ತೆಳುವಾದ ಪ್ಲಾಸ್ಟಿಕ್ಕಿನ ಪೊರೆ. ಅದು ಪಾಲಿಎಥಿಲೀನಿನದಾದರೆ ಸುಮಾರು ೧೩೦ ಡಿಗ್ರಿಗೆ ಕರಗುವುದು. ಅಲ್ಲಿಂದ ಮುಂದಕ್ಕೆ ಹೊರಗಿನ ಷಾರ್ಟ್ ಬೇಕಿಲ್ಲ. ಒಳಗೇ ಅಡ್ಡದಾರಿ ತೆರೆದು, ಕೋಶವು ತನ್ನ ಬಿಸಿಯಿಂದ ತಾನೇ ಇನ್ನಷ್ಟು ಬಿಸಿಯಾಗಿ, ಸಿಡಿದು, ಪಕ್ಕದ ಕೋಶವನ್ನು ಹೊತ್ತಿಸುವುದು.

ಇನ್ನು ಅಡ್ಡದಾರಿಗಳು ಅಡಗಿರುವ ಎಡೆಗಳನ್ನು ನೋಡೋಣ. ಬಹುಮಂದಿಗೆ ತಿಳಿಯದ ಸಂಗತಿಯೊಂದುಂಟು. ಕೋಶದ ತಲೆಯ ಮೇಲಿನ ಗುಬುಟು ಮಾತ್ರ ಧನಾಗ್ರ. ತಳ, ಮೈ, ತಲೆಯ ಸುತ್ತಲಿನ ಅಂಚು, ಇವೆಲ್ಲವೂ ಋಣಾಗ್ರವೇ. ಎರಡರ ನಡುವಿನ ಅಂತರ ಒಂದೆರಡು ಮಿಲಿಮೀಟರು. ಅಂಚನ್ನು ಮುಚ್ಚಿರುವುದು ತೆಳುವಾದ ಹೊದಿಕೆಯೊಂದೇ. ಕೋಶಗಳನ್ನು ಜೋಡಿಸುವ ನಿಕಲ್ ಪಟ್ಟಿ ಆ ಅಂಚಿನ ಮೇಲೆಯೇ ಹಾದು ಹೋಗಬೇಕು. ಕಟ್ಟಿದ ದಿನ ಎಲ್ಲವೂ ಸರಿಯಾಗಿಯೇ ಇರುವುದು. ನಮ್ಮ ಊರಿನ ಗುಂಡಿಬಿದ್ದ ರಸ್ತೆಗಳಲ್ಲಿ ಆರು ತಿಂಗಳು ಕುಲುಕಿದ ಮೇಲೆ ಪಟ್ಟಿಯ ಚೂಪಾದ ಅಂಚು ಹೊದಿಕೆಯನ್ನು ಉಜ್ಜಿ ಉಜ್ಜಿ ಸವೆಯಿಸುವುದು. ಇದನ್ನು ತಡೆಯುವುದಕ್ಕೆ ಪ್ರತಿಯೊಂದು ಧನಾಗ್ರದ ಸುತ್ತಲೂ ಗಟ್ಟಿ ಕಾಗದದ ಬಳೆಯೊಂದನ್ನು ಅಂಟಿಸುವುದುಂಟು. ಅದರ ಬೆಲೆ ಪೈಸೆಗಳಲ್ಲಿ. ಆದರೂ ಅದನ್ನೇ ಬಿಡುವವರು ಬಹಳ.

ಎರಡನೆಯ ಎಡೆ, ಪ್ರತಿ ಗುಂಪಿನಿಂದ ಹೊರಡುವ ಸಣ್ಣ ತಂತಿಗಳು. ಗುಂಪುಗಳ ಒತ್ತಡವನ್ನು ಕಾವಲುಹಲಗೆಗೆ ತಿಳಿಸುವುದು ಇವುಗಳ ಕೆಲಸ. ಈ ಹಲಗೆಯನ್ನು ಹುಡುಗರು ಬಿ. ಎಂ. ಎಸ್. ಎನ್ನುವರು, ಅದೊಂದಿದ್ದರೆ ಭಯವಿಲ್ಲವೆಂದೂ ನಂಬಿರುವರು. ಆದರೆ ಅದು ಬಾಗಿಲು ಕಾಯುವ ಜವಾನನಂತೆ. ಬಾಗಿಲ ಮೂಲಕ ಹೊರಗೆ ಹೋಗುವುದನ್ನು ತಡೆಯಬಲ್ಲುದೇ ಹೊರತು ಮನೆಯೊಳಗೇ ನಡೆಯುವ ಜಗಳವನ್ನು ತಡೆಯಲಾರದು. ಎರಡು ಸಣ್ಣ ತಂತಿಗಳು ಒಂದರ ಮೇಲೊಂದು ಉಜ್ಜಿ ಸಿಪ್ಪೆ ಕಳೆದುಕೊಂಡರೆ, ಅಥವಾ ನಿಕಲ್ ಪಟ್ಟಿ ಕೋಶದ ಅಂಚಿಗೆ ತಾಗಿದರೆ, ಆ ಜಗಳ ಕಾವಲಿನ ಹಿಂದೆ ನಡೆಯುವುದು.

ಮೂರನೆಯದು ಸೈಕಲ್ಲಿನ ಕಬ್ಬಿಣದ ಮೈ. ಪೆಟ್ಟಿಗೆಯ ಯಾವ ಭಾಗವೂ ಅದಕ್ಕೆ ತಾಗಕೂಡದು. ಒಂದೆಡೆ ತಾಗಿದರೆ ಹೊರಗೆ ಏನೂ ಕಾಣುವುದಿಲ್ಲ. ಗಾಡಿ ಎಂದಿನಂತೆ ಓಡುವುದು. ಎರಡನೆಯ ಎಡೆಯಲ್ಲಿಯೂ ತಾಗಿತೋ, ಸೈಕಲ್ಲೇ ಷಾರ್ಟ್ ಸರ್ಕ್ಯೂಟಿನ ತಂತಿಯಾಗುವುದು. ಇದನ್ನು ಕಂಡುಹಿಡಿಯುವ ಉಪಾಯ ಬಹಳ ಸುಲಭ. ಮಲ್ಟಿಮೀಟರನ್ನು ವೋಲ್ಟಿನಲ್ಲಿಟ್ಟು ಋಣಾಗ್ರಕ್ಕೂ ಬಣ್ಣ ಕೆರೆದ ಕಬ್ಬಿಣಕ್ಕೂ ನಡುವೆ ಅಳೆಯಬೇಕು. ಅನಂತರ ಧನಾಗ್ರಕ್ಕೂ ಕಬ್ಬಿಣಕ್ಕೂ ನಡುವೆ. ಎರಡೂ ಸೊನ್ನೆಗೆ ಇಳಿದರೆ ಕ್ಷೇಮ. ಒಂದು ಕಡೆ ೨೦, ಮತ್ತೊಂದು ಕಡೆ ೩೨ ವೋಲ್ಟೆಂದು ಮುಳ್ಳು ನಿಂತುಬಿಟ್ಟರೆ, ಎರಡೂ ಸೇರಿ ೫೨ ಆಗುವುದನ್ನು ಗಮನಿಸಿರಿ. ಗುಂಪಿಗೆ ನಾಲ್ಕು ವೋಲ್ಟಿನಂತೆ ೨೦ ಎಂದರೆ ಐದನೆಯ ಗುಂಪಿನ ಕೊನೆ, ತಾಗಿರುವುದು ಅಲ್ಲಿಯೇ.

ಮೀಟರಿನ ಮಾತು ಬಂದುದರಿಂದ ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಕೊಡುವೆವು. ಜೀವವಿರುವ ಪೆಟ್ಟಿಗೆಯ ಮೇಲೆ ಓಮಿನ ಅಳತೆಯನ್ನು ಪ್ರಯೋಗಿಸಕೂಡದು. ಮೀಟರು ಹೇಳುವುದು ಸುಳ್ಳು, ಕೆಡುವುದು ದಿಟ. ಆಂಪಿಯರಿನ ತೂತಿನಲ್ಲಿ ಕಡ್ಡಿಯನ್ನು ಬಿಟ್ಟು ಮರೆತು ವೋಲ್ಟನ್ನು ಅಳೆಯಹೊರಟರೆ ಮೀಟರೇ ಅಡ್ಡದಾರಿಯಾಗುವುದು. ಕಂಟ್ರೋಲರಿಗೆ ಪೆಟ್ಟಿಗೆಯನ್ನು ಸೇರಿಸುವಾಗ ಚಟ್ಟನೆ ಏಳುವ ಕಿಡಿ ಮಾತ್ರ ಷಾರ್ಟ್ ಅಲ್ಲ. ಬರಿದಾಗಿದ್ದ ಕೆಪ್ಯಾಸಿಟರುಗಳು ಒಮ್ಮೆಗೇ ತುಂಬಿಕೊಳ್ಳುವುದರಿಂದ ಅದು ಹುಟ್ಟುವುದು.

ಈಗ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಬೇಕು. ಪೆಟ್ಟಿಗೆ ಸಿದ್ಧವಾದ ಮೇಲೆ ಒಂದು ವಾರ ಅದನ್ನು ಸೈಕಲ್ಲಿಗೆ ಕಟ್ಟದೆ ಹಾಗೆಯೇ ಇಟ್ಟು, ದಿನವೂ ಹದಿಮೂರು ಗುಂಪುಗಳ ಒತ್ತಡವನ್ನು ಅಳೆದು ಬರೆಯಬೇಕೆಂದು ನಾವು ಕೇಳಿಕೊಂಡೆವು. ತಾಳ್ಮೆಯ ಪರೀಕ್ಷೆಗೆ ಸಮನಾದ ಪರೀಕ್ಷೆ ಬ್ಯಾಟರಿಗೆ ಬೇರೊಂದಿಲ್ಲ. ಹುಡುಗನು ಗೊಣಗಿದರೂ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಕಿಗಳನ್ನು ಬರೆದನು. ಪೆಟ್ಟಿಗೆಯನ್ನು ಅಂಗಳದ ಕಲ್ಲುಚಪ್ಪಡಿಯ ಮೇಲೆ, ತಗಡಿನ ಮರೆಯಲ್ಲಿ ಇರಿಸಿದ್ದೆವು. ಮೊದಲ ದಿನ ಎಲ್ಲ ಗುಂಪುಗಳೂ ೪.೧೫. ನಾಲ್ಕನೆಯ ದಿನ ಏಳನೆಯ ಗುಂಪು ೪.೦೯, ಎಂಟನೆಯ ದಿನ ೪.೦೧. ಉಳಿದ ಹನ್ನೆರಡೂ ೪.೧೪ರಿಂದ ಕೆಳಗಿಳಿದಿರಲಿಲ್ಲ.

“ಬಿ. ಎಂ. ಎಸ್. ಕುಡಿಯುತ್ತಿರಬೇಕು, ಮಾವ” ಎಂದನು. ಅದು ತಳ್ಳಿಹಾಕತಕ್ಕ ಮಾತಲ್ಲ. ಕೆಟ್ಟ ಹಲಗೆ ಒಂದೇ ಗುಂಪಿನಿಂದ ಶಕ್ತಿಯನ್ನು ಹೀರುವುದುಂಟು. ಅದನ್ನು ಬಿಡಿಸಿ ನೋಡಿದರೂ ಏಳನೆಯ ಗುಂಪು ಇಳಿಯುತ್ತಲೇ ಹೋಯಿತು. ಹೊರಗಿನ ಹೊದಿಕೆ, ಬಳೆ, ಪಟ್ಟಿ ಯಾವುದರಲ್ಲಿಯೂ ದೋಷ ಕಾಣಲಿಲ್ಲ. ಮುಟ್ಟಿದರೆ ಬಿಸಿಯೂ ಇಲ್ಲ. ಕೊನೆಗೆ ಆ ಗುಂಪಿನ ನಾಲ್ಕು ಕೋಶಗಳ ಪಟ್ಟಿಗಳನ್ನು ಬಿಡಿಸಿ ಬೇರೆ ಬೇರೆಯಾಗಿ ಇಟ್ಟೆವು. ಐದು ದಿನಗಳಲ್ಲಿ ಮೂರು ಕೋಶಗಳು ನಿಂತಲ್ಲಿಯೇ ನಿಂತುವು. ಒಂದು ಮಾತ್ರ ೩.೭೫ಕ್ಕೆ ಬಿದ್ದಿತು. ಗುಂಪಿನಲ್ಲಿದ್ದಾಗ ಮೂರು ಒಳ್ಳೆಯ ಕೋಶಗಳು ತಮ್ಮ ಪಾಲನ್ನು ಅದಕ್ಕೆ ಎರೆದು ಅದರ ದೋಷವನ್ನು ಮರೆಮಾಡಿದ್ದುವು. ಒಕ್ಕಲು ಮನೆಗಳಲ್ಲಿ ಇಂಥದನ್ನು ನಾವು ಕಂಡಿಲ್ಲವೆ?

ಆ ಕೋಶದ ಪೂರ್ವೋತ್ತರವನ್ನು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹುಡುಗನು ಹೇಳಿದನು: “ಕೊಂಡಾಗ ಕೆಲವು ಕೋಶಗಳು ಒಂದು ವೋಲ್ಟಿಗಿಂತಲೂ ಕೆಳಗೆ ಇದ್ದುವು, ಮಾವ. ಮೆಲ್ಲಗೆ ಚಾರ್ಜು ಮಾಡಿದೆ, ಎದ್ದುಕೊಂಡುವು.” ಎದ್ದುಕೊಳ್ಳುವುದೇ ಮೋಸ. ಕೋಶವು ಅಷ್ಟು ಕೆಳಕ್ಕೆ ಇಳಿದಾಗ ಅದರೊಳಗಿನ ತಾಮ್ರದ ಹಾಳೆ ಕರಗತೊಡಗುವುದು. ಮತ್ತೆ ತುಂಬುವಾಗ ಕರಗಿದ ತಾಮ್ರ ಎಲ್ಲೆಂದರಲ್ಲಿ ಕೂತು, ಪೊರೆಯ ನಡುವೆ ಎಳೆಯಂತೆ ಬೆಳೆಯಬಹುದು. ಹೊರಗಿನಿಂದ ನೋಡುವವರಿಗೆ ಅದು ಒಳ್ಳೆಯ ಕೋಶವೇ. ಹೀಗೆ ಎಬ್ಬಿಸಿದ ಕೋಶಗಳು ಯಾವುವು ಎಂದು ಕೇಳಿದರೆ, ಗುರುತು ಹಾಕಿರಲಿಲ್ಲವಂತೆ. ಏಳೆಂಟು ಇರಬಹುದು; ಹತ್ತೂ ಇರಬಹುದು.

“ಕೆಟ್ಟದ್ದನ್ನು ಒಂದನ್ನು ಬದಲಾಯಿಸಿದರೆ ಸಾಲದೆ, ಮಾವ?” ಎಂದು ಕೇಳಿದನು. ಆ ಪ್ರಶ್ನೆಯ ಹಿಂದೆ ಒಂದು ವರುಷದ ಸಂಜೆಗಳಿದ್ದುವು. ಅದು ನಮಗೆ ತಿಳಿಯದುದಲ್ಲ. ಆದರೆ ಮನೆಯಲ್ಲಿ ಎಂಬತ್ತು ದಾಟಿದ ನಮ್ಮ ತಾಯಿ ಮಹಡಿಯ ಮೇಲೆ ಮಲಗುವರು. ಇಳಿಯುವುದಕ್ಕೆ ಇರುವುದು ಒಂದೇ ಮೆಟ್ಟಲು. ಮಳೆಗಾಲದಲ್ಲಿ ಸೈಕಲ್ಲು ನಿಲ್ಲುವುದು ಆ ಮೆಟ್ಟಲಿನ ಕೆಳಗೆ. ಇದನ್ನು ನಾವು ಹೇಳಬೇಕಾಗಲಿಲ್ಲ. ಆತನೇ ಮೆಟ್ಟಲಿನ ಕಡೆ ಒಮ್ಮೆ ನೋಡಿ, “ಅಜ್ಜಿ ಇಳಿಯುವುದಕ್ಕೆ ಎಷ್ಟು ಹೊತ್ತು ಬೇಕು” ಎಂದು ತನಗೆ ತಾನೇ ಹೇಳಿಕೊಂಡನು. ಮರುದಿನ ಐವತ್ತೆರಡು ಕೋಶಗಳನ್ನೂ ಬಿಡಿಸಿ, ತುದಿಗಳಿಗೆ ಟೇಪು ಸುತ್ತಿ, ಹಳೆಯ ವಿದ್ಯುತ್ ಸಾಮಾನುಗಳನ್ನು ಸಂಸ್ಕರಿಸುವವರಿಗೆ ಒಪ್ಪಿಸಿ ಬಂದನು. ೨೦೨೨ರ ಬ್ಯಾಟರಿ ತ್ಯಾಜ್ಯದ ನಿಯಮಗಳ ಪ್ರಕಾರ ಇವನ್ನು ಬೀದಿಯ ಕಸಕ್ಕೆ ಹಾಕುವಂತಿಲ್ಲ. ಹಾಕಿದರೆ ಕಸದ ಗಾಡಿಯಲ್ಲಿ ಹೊತ್ತಿಕೊಳ್ಳುವ ಭಯವೂ ಉಂಟು.

ಒಂದು ಕೋಶಕ್ಕಾಗಿ ಐವತ್ತೊಂದನ್ನು ಕಳೆಯುವುದು ಅತಿಯಾಯಿತೆಂದು ಯಾರಾದರೂ ಅನ್ನಬಹುದು. ಅಂಥವರು ೨೦೧೩ರ ಜನವರಿ ೭ರಂದು ಅಮೆರಿಕದ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ನಡೆದುದನ್ನು ನೆನೆಯಬೇಕು. ನಿಂತಿದ್ದ ಬೋಯಿಂಗ್ ೭೮೭ ವಿಮಾನವೊಂದರ ಬ್ಯಾಟರಿಗೆ ಬೆಂಕಿ ಹತ್ತಿತು. ಅದರಲ್ಲಿದ್ದುವು ಎಂಟೇ ಕೋಶಗಳು. ಒಂದು ಕೋಶದೊಳಗಿನ ಷಾರ್ಟ್ ಸರ್ಕ್ಯೂಟೇ ಮೂಲವೆಂದು ತನಿಖೆಯವರು ತೀರ್ಮಾನಿಸಿದರು. ಅದೇ ತಿಂಗಳಲ್ಲಿ ಆ ಜಾತಿಯ ವಿಮಾನಗಳೆಲ್ಲ ನೆಲಕ್ಕಿಳಿದು ನಿಲ್ಲಬೇಕಾಯಿತು. ಅಷ್ಟು ಪರೀಕ್ಷೆಯಾದ ಕೋಶದ ಗತಿಯೇ ಹೀಗಾದರೆ ಗುಜರಿಯದನ್ನು ಏನೆನ್ನೋಣ? ನಮ್ಮ ದೇಶದಲ್ಲಿಯೂ ೨೦೨೨ರಲ್ಲಿ ವಿದ್ಯುತ್ ಸ್ಕೂಟರುಗಳು ಹಲವೆಡೆ ಹೊತ್ತಿಕೊಂಡ ಮೇಲೆ ಎ. ಐ. ಎಸ್. ೧೫೬ ಎಂಬ ಪರೀಕ್ಷಾಕ್ರಮವನ್ನು ಬಿಗಿಮಾಡಿ, ಆ ವರ್ಷದ ಡಿಸೆಂಬರಿನಿಂದ ಹಂತಹಂತವಾಗಿ ಜಾರಿಗೆ ತಂದರು. ನ್ಯೂಯಾರ್ಕ್ ನಗರದಲ್ಲಿ ೨೦೨೩ರ ಕಾನೂನೊಂದು, ಹಳೆಯ ಕೋಶಗಳಿಂದ ಮತ್ತೆ ಕಟ್ಟಿದ ಲಿಥಿಯಂ ಬ್ಯಾಟರಿಗಳ ಮಾರಾಟವನ್ನೇ ನಿಷೇಧಿಸಿತು. ಊಟದ ಮೇಜಿನ ಮೇಲೆ ಕಟ್ಟಿದ ಪೆಟ್ಟಿಗೆಯನ್ನು ಪರೀಕ್ಷಿಸುವುದಕ್ಕೆ ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಮನೆಯವರೇ ಪರೀಕ್ಷಕರು.

ಆದುದರಿಂದ ಮನೆಯವರು ತಿಳಿದಿರಬೇಕಾದುದನ್ನು ಚಿಕ್ಕದಾಗಿ ಹೇಳುವೆವು. ಹೊಸ ಕೋಶಗಳನ್ನೇ, ಒಂದೇ ಜಾತಿಯವನ್ನೇ ಕೊಳ್ಳಬೇಕು. ಅವನ್ನು ಪ್ಲಾಸ್ಟಿಕ್ಕಿನ ಗೂಡುಗಳಲ್ಲಿ ನಿಲ್ಲಿಸಿ, ಮೈಗೆ ಮೈ ತಾಗದಂತೆ ಅಂತರ ಬಿಡಬೇಕು. ಧನಾಗ್ರಗಳಿಗೆ ಕಾಗದದ ಬಳೆ ತಪ್ಪಕೂಡದು. ಸಣ್ಣ ತಂತಿಗಳು ನಿಕಲ್ ಪಟ್ಟಿಯ ಅಂಚಿನ ಮೇಲೆ ಹಾಯಕೂಡದು; ಹಾಯಲೇಬೇಕಾದರೆ ನಡುವೆ ಶಾಖ ತಡೆಯುವ ಟೇಪೂ ಗಟ್ಟಿ ಕಾಗದವೂ ಇರಬೇಕು. ಫ್ಯೂಸನ್ನು ದೂರದಲ್ಲಿಡದೆ ಧನಾಗ್ರದ ಬಳಿಯಲ್ಲಿಯೇ ಇಡಬೇಕು. ಫ್ಯೂಸಿನ ಹಿಂದಿನ ತಂತಿಗೆ ಫ್ಯೂಸಿನ ರಕ್ಷಣೆಯಿಲ್ಲ. ೨೦ ಆಂಪಿಯರಿನ ಕಂಟ್ರೋಲರಿಗೆ ೩೦ರ ಫ್ಯೂಸು ಸಾಕು. ಅದು ಡಿ. ಸಿ. ವಿದ್ಯುತ್ತಿಗೆ ಮಾಡಿದುದೇ ಆಗಿರಬೇಕು. ಮನೆಯ ಎ. ಸಿ. ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಯನ್ನು ಮುಟ್ಟುವುದರಿಂದ ಅಲ್ಲಿ ಫ್ಯೂಸಿನ ಕಿಡಿ ತಾನಾಗಿ ಆರುವುದು; ಬ್ಯಾಟರಿಯಲ್ಲಿ ಅಂಥ ವಿರಾಮವಿಲ್ಲ.

ಕೆಲಸಕ್ಕೆ ಕೂಡುವಾಗ ಉಂಗುರ, ಬಳೆ, ಕೈಗಡಿಯಾರ, ಕೊರಳ ಸರ ಇವನ್ನೆಲ್ಲ ತೆಗೆದಿಡಬೇಕು. ಚಿನ್ನವು ಬಹು ಒಳ್ಳೆಯ ವಾಹಕ. ಬೆರಳಲ್ಲಿದ್ದ ಉಂಗುರ ಕಾದರೆ ಅದನ್ನು ತೆಗೆಯುವುದಕ್ಕೂ ಬರುವುದಿಲ್ಲ. ಸ್ಕ್ರೂಡ್ರೈವರಿನ ಮೂತಿಯನ್ನು ಬಿಟ್ಟು ಉಳಿದ ಕಬ್ಬಿಣಕ್ಕೆಲ್ಲ ಟೇಪು ಸುತ್ತಬೇಕು. ಮಳೆಯಲ್ಲಿ ನೆನೆದ ಪೆಟ್ಟಿಗೆಯನ್ನು ಒಣಗಿತೆಂದು ನಂಬಕೂಡದು. ನೀರು ಆರಿದರೂ ಅದು ಬಿಟ್ಟುಹೋದ ಉಪ್ಪೂ ತುಕ್ಕೂ ಮುಂದಿನ ಮಳೆಗೆ ದಾರಿ ಮಾಡಿಕೊಟ್ಟಿರುವುವು. ಚಾರ್ಜು ಮಾಡುವುದು ಎಚ್ಚರವಿರುವ ಹೊತ್ತಿನಲ್ಲಿ, ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ, ಬಾಗಿಲಿಗೂ ಮೆಟ್ಟಲಿಗೂ ದೂರವಾಗಿ. ಹೊರಗೆ ಓಡಬೇಕಾದ ದಾರಿಯಲ್ಲಿಯೇ ಬೆಂಕಿಯನ್ನು ಕೂರಿಸುವುದು ಯಾವ ಜಾಣತನ?

ಇಷ್ಟಾದರೂ ಒಂದು ವೇಳೆ ಉಬ್ಬು ಕಂಡರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಹಿಸ್ಸೆಂಬ ಸದ್ದು ಕೇಳಿದರೆ, ಬಿಚ್ಚಿ ನೋಡುವ ಕಾಲ ಮುಗಿಯಿತೆಂದು ತಿಳಿಯಬೇಕು. ಹೊಗೆ ವಿಷದ್ದು. ಮನೆಮಂದಿಯನ್ನೆಲ್ಲ ಹೊರಗೆ ಕರೆದು, ಬಾಗಿಲು ಎಳೆದುಕೊಂಡು, ೧೦೧ಕ್ಕೋ ೧೧೨ಕ್ಕೋ ಕರೆ ಮಾಡಬೇಕು. ಸಣ್ಣ ಪುಡಿಯ ಆರಿಸುಗದಿಂದ ಜ್ವಾಲೆ ಒಮ್ಮೆ ಅಡಗಿದರೂ ಒಳಗಿನ ಬಿಸಿ ಅಡಗದೆ ಮತ್ತೆ ಹೊತ್ತಿಕೊಳ್ಳುವುದು. ಅದನ್ನು ತಣಿಸುವುದಕ್ಕೆ ಬಹಳ ನೀರು ಬೇಕು. ಆ ಕೆಲಸ ಅಗ್ನಿಶಾಮಕ ದಳದವರದು.

ಮಕ್ಕಳ ಕೈಯಿಂದ ಇಂಥ ಕೆಲಸವನ್ನು ಕಿತ್ತುಕೊಳ್ಳಬೇಕೆಂಬುದು ನಮ್ಮ ಮಾತಿನ ಅರ್ಥವಲ್ಲ. ಒಲೆ ಸುಡುವುದೆಂದು ಅಡಿಗೆಯನ್ನು ಬಿಟ್ಟವರಿಲ್ಲ. ಎರಡು ತಿಂಗಳ ಕಾಲ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಂಕಿ ಬರೆದ ಹುಡುಗನಿಗೆ ಯಾವ ಪಾಠದ ಪುಸ್ತಕವೂ ಕಲಿಸದ ವಿದ್ಯೆ ಬಂದಿದೆಯೆಂದು ನಾವು ನಂಬುವೆವು. ಈಗ ಆತನು ಮತ್ತೆ ಸಂಜೆಯ ಪಾಠಗಳನ್ನು ಹಿಡಿದಿರುವನು. ಹೊಸ ಕೋಶಗಳು ನಾಲ್ಕು ನಾಲ್ಕಾಗಿ ಬರುತ್ತಲಿವೆ. ಒಂದೊಂದಕ್ಕೂ ನಂಬರು ಬರೆದು, ಬಂದ ದಿನದ ಒತ್ತಡವನ್ನು ನೋಟುಬುಕ್ಕಿನಲ್ಲಿ ಗುರುತುಮಾಡುತ್ತಿರುವನು. ಮೊನ್ನೆಗೆ ಇಪ್ಪತ್ತು ಆದುವು. ಉಳಿದ ಮೂವತ್ತೆರಡು ಬರುವವರೆಗೆ ಕಾಲೇಜಿಗೆ ಬಸ್ಸಿನಲ್ಲಿಯೇ ಹೋಗಿಬರುತ್ತಿರುವನು.